ಹಿಡಿಯದ ಬೆಸುಗೆ

ಲಾಂಡ್ರಿಯವನು ಗೇಟಿನ ಚಿಲಕ ತೆಗೆಯುವ ಗೋಜಿಗೂ ಹೋಗಲಿಲ್ಲ. ಕಾಲಿನಿಂದ ಒದ್ದುಕೊಂಡೇ ಒಳಗೆ ಬಂದ. ಬಂದವನು ಹೆಗಲ ಮೇಲಿದ್ದ ಕಬ್ಬಿಣದ ಸ್ಟ್ಯಾಂಡನ್ನು ಅಂಗಳದ ನಡುವೆ ಧಡಾರನೆ ಎಸೆದ. ಜಗಲಿಯಲ್ಲಿ ಬೇಳೆ ಆರಿಸುತ್ತಿದ್ದ ಮೇಸ್ತ್ರಿಯ ಹೆಂಡತಿ ಬೆಚ್ಚಿ ಎದ್ದಾಗ ತಟ್ಟೆಯಲ್ಲಿದ್ದ ಬೇಳೆ ಅರ್ಧಕ್ಕರ್ಧ ನೆಲದ ಪಾಲಾಯಿತು.

“ಎಲ್ಲಿ ಅಕ್ಕಾ ನಿಮ್ಮ ಯಜಮಾನರು? ಕರೀರಿ. ನೀರಿನ ಡ್ರಮ್ ಇಡೋಕೆ ಅವರೇ ಮಾಡಿಕೊಟ್ಟ ಸ್ಟ್ಯಾಂಡು ಇದು. ಬೆಳಿಗ್ಗೆ ಕಾಲು ಕಿತ್ಕೊಂಡು ಬಂತು. ತುಂಬಿದ ಡ್ರಮ್ಮು ಉರುಳಿ ಅಂಗಡಿಯೆಲ್ಲ ಕೆರೆ. ಬಟ್ಟೆ ಹೋದ್ರೆ ಹೋಗ್ಲಿ, ಒಂದು ಗಳಿಗೆ ಮುಂಚೆ ನನ್ನ ಹೆಂಡತಿ ಅದರ ಬುಡದಲ್ಲೇ ಕೂತಿದ್ದಳು. ಅವಳ ಮೇಲೆ ಬಿದ್ದಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ, ಪೊಲೀಸ್ ಸ್ಟೇಷನ್ನಿಗೆ ಹೋಗ್ತಿದ್ದೆ.”

ಮುಂದೆ ವೆಲ್ಡಿಂಗ್ ಶೆಡ್ಡು, ಹಿಂದೆ ಮನೆ, ನಡುವೆ ಒಂದೇ ಅಂಗಳ. ಶೆಡ್ಡಿನ ಹೊಗೆ ಅಡುಗೆಮನೆಗೆ ಬರುತ್ತಿತ್ತು, ಅಡುಗೆಮನೆಯ ಘಾಟು ಶೆಡ್ಡಿಗೆ ಹೋಗುತ್ತಿತ್ತು. ಮಾತೂ ಅಷ್ಟೇ, ಎಲ್ಲಿ ಆಡಿದರೂ ಎಲ್ಲರಿಗೂ ಕೇಳುತ್ತಿತ್ತು. ಲಾಂಡ್ರಿಯವನ ಕೂಗಿಗೆ ಮನೆಮಂದಿಯೆಲ್ಲ ಹೊರಗೆ ಬಂದರು. ಮೊದಲು ಮೇಸ್ತ್ರಿ. ಹಿಂದೆಯೇ, ಊರೆಲ್ಲ ಅಲೆದು ಆರ್ಡರು ಹಿಡಿದು ತರುವ ಮಗ, ಫೋನು ಇನ್ನೂ ಕಿವಿಯಲ್ಲೇ. ಕೋಲೂರಿಕೊಂಡು ಮೇಸ್ತ್ರಿಯ ತಾಯಿ. ಕೊನೆಗೆ ಗ್ರೈಂಡರ್ ಆರಿಸಿ ಮಗಳು. ಮಗಳನ್ನು ಎಲ್ಲರೂ ಕರೆಯುವುದು ಕಿಡಿ ಅಂತ. ಅಂಬೆಗಾಲಿಡುವಾಗಲೇ ಶೆಡ್ಡಿನ ಕಿಡಿ ಹಿಡಿಯಲು ಹೋಗುತ್ತಿದ್ದವಳು. ಈಗ ಅಪ್ಪನ ಹತ್ತಿರವೇ ಕೆಲಸ ಕಲಿತು ಅಪ್ಪನ ಸಮಕ್ಕೆ ವೆಲ್ಡಿಂಗ್ ರಾಡು ಹಿಡಿಯುತ್ತಿದ್ದಳು.

“ಅಳತೆಗಿಂತ ದೊಡ್ಡ ಡ್ರಮ್ ಇಟ್ಟಿರ್ತೀರಿ ಅಣ್ಣಾ,” ಅಂದ ಮಗ.

“ಡ್ರಮ್ಮನ್ನ ಇಲ್ಲಿಗೇ ತಂದು ಅಳತೆ ಕೊಟ್ಟಿದ್ದಲ್ವೇನಯ್ಯಾ!”

ಕಿಡಿ ಮುರಿದ ಕಾಲನ್ನು ಎತ್ತಿ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಅದರ ತುದಿಯನ್ನು ಸವರಿದಳು. “ಅಪ್ಪ, ಇದು ಮುರಿದಿದ್ದಲ್ಲ, ಬಿಟ್ಕೊಂಡಿದ್ದು. ಬೆಸುಗೆ ಹಿಡಿದೇ ಇಲ್ಲ.”

ಮೇಸ್ತ್ರಿ ಅದನ್ನು ಕಸಿದುಕೊಂಡು ಮುಖದ ಹತ್ತಿರ ತಂದ, ಮೂಗಿಗೆ ತಾಗುವಷ್ಟು ಹತ್ತಿರ. ಹೆಂಡತಿ ಗಮನಿಸಿದಳು. ಬೇರೆ ಯಾರಾದರೂ ಗಮನಿಸಿದರೇನೋ ಎಂದು ಒಂದೊಂದೇ ಮುಖವನ್ನು ನೋಡಿದಳು.

“ಇದು ನನ್ನ ಕೈಯಲ್ಲ,” ಅಂದ ಮೇಸ್ತ್ರಿ. “ನಿಂದು.”

“ನಂದಾ? ಈ ಸ್ಟ್ಯಾಂಡು ಮಾಡುವಾಗ ನಾನು ರಾಡೇ ಮುಟ್ಟಿಲ್ಲ. ಕೈ ಸುಟ್ಟಿತ್ತು.” ಕಿಡಿ ಮುಂಗೈ ಮೇಲಿನ ಕಲೆ ತೋರಿಸಿದಳು.

“ಅದು ಸುಟ್ಟಿದ್ದು ಇದಾದ ಮೇಲೆ.”

“ಮುಂಚೆ! ಅಮ್ಮನೇ ಪಟ್ಟಿ ಕಟ್ಟಿದ್ದು, ಬೇಕಾದ್ರೆ ಕೇಳಿ.”

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. “ಹೇಳೇ. ಮುಂಚೆನಾ, ಆಮೇಲಾ?”

ಆಕೆಗೆ ಚೆನ್ನಾಗಿ ನೆನಪಿತ್ತು. ಮಗಳು ಕೈಗೆ ಪಟ್ಟಿ ಸುತ್ತಿಕೊಂಡು ಇದೇ ಜಗಲಿಯಲ್ಲಿ ಕೂತು, ‘ಈ ಹಸಿರು ಬಣ್ಣ ಯಾರಿಗೆ ಬೇಕಿತ್ತು’ ಎಂದು ಇದೇ ಸ್ಟ್ಯಾಂಡಿಗೆ ಮೂಗು ಮುರಿದದ್ದೂ ನೆನಪಿತ್ತು. ಆದರೆ ಎದುರಿಗೆ ಗಂಡ ನಿಂತಿದ್ದ, ಅವನ ಪಕ್ಕ ಲಾಂಡ್ರಿಯವನು, ಗೇಟಿನಾಚೆ ಆಗಲೇ ನಾಲ್ಕು ಜನ ಸೇರಿದ್ದರು.

“ನನಗೆ ಸರಿಯಾಗಿ ನೆನಪಿಲ್ಲ,” ಅಂದಳು.

ಕಿಡಿ ಅಮ್ಮನನ್ನು ನೋಡುತ್ತಾ ನಿಂತಳು.

“ಹುಡುಗಿ ಕೈತಪ್ಪು,” ಎಂದು ಮೇಸ್ತ್ರಿ ಲಾಂಡ್ರಿಯವನಿಗೆ ಹೇಳಿದ. “ಸಂಜೆಯೊಳಗೆ ಹೊಸದು ಮಾಡಿ ನಾನೇ ತಂದಿಡ್ತೀನಿ.” ಆಮೇಲೆ ಮಗಳ ಕಡೆ ನೋಡದೆಯೇ, “ಇವತ್ತಿಂದ ನೀನು ಮಿಷನ್ ಮುಟ್ಟಬೇಡ. ಕತ್ತರಿಸು, ಉಜ್ಜು, ಬಣ್ಣ ಹೊಡಿ. ಅಷ್ಟೇ ನಿನ್ನ ಕೆಲಸ,” ಅಂದ.

ಆ ಸಂಜೆ ಕಿಡಿ ಅಡುಗೆಮನೆಗೆ ಬಂದು ಮುರಿದ ಕಾಲನ್ನು ಒಲೆಕಟ್ಟೆಯ ಮೇಲೆ, ಹೆಚ್ಚಿಟ್ಟ ತರಕಾರಿಯ ಪಕ್ಕಕ್ಕೇ ಇಟ್ಟಳು.

“ತೆಗಿಯೇ ಅದನ್ನ. ತಿನ್ನೋ ಪದಾರ್ಥಕ್ಕೆಲ್ಲ ತುಕ್ಕು.”

“ತೆಗೀತೀನಿ. ಮೊದಲು ನೋಡು. ಇಲ್ಲಿ ಗೆರೆ ಕಾಣಿಸ್ತಾವಾ?”

ಆಕೆ ಬಗ್ಗಿ ನೋಡಿದಳು. ಕಬ್ಬಿಣದ ತುದಿಯಲ್ಲಿ ಬಾಚಣಿಗೆ ಎಳೆದ ಹಾಗೆ ಸಣ್ಣ ಗೆರೆಗಳು ಹೊಳೆಯುತ್ತಿದ್ದವು. “ಕಾಣಿಸ್ತಾವೆ. ಏನದು?”

“ಬೆಸುಗೆ ಹಾಕೋ ಮುಂಚೆ ಗ್ರೈಂಡರಲ್ಲಿ ಉಜ್ಜಿದ ಗೆರೆ. ಬೆಸುಗೆ ಅಂದ್ರೆ ರಾಡು ಕರಗಿ ಅಂಟ್ಕೊಳ್ಳೋದಲ್ಲಮ್ಮ. ಈ ಕಡೆ ಕಬ್ಬಿಣ ಕರಗಬೇಕು, ಆ ಕಡೆದೂ ಕರಗಬೇಕು, ಮಧ್ಯೆ ರಾಡು ಕರಗಿ ಸೇರಬೇಕು. ಮೂರೂ ಬೆರೆತು ಆರಿದ ಮೇಲೆ ಯಾವುದು ಯಾವುದು ಅಂತ ಗೊತ್ತಾಗಬಾರದು. ಬೆರೆತಿದ್ರೆ ಈ ಗೆರೆ ಉಳೀತಿತ್ತಾ? ರಾಡೊಂದೇ ಕರಗಿ ಮೇಲೆ ಕೂತಿದೆ, ಗೋಡೆಗೆ ಮೆತ್ತಿದ ಹಿಟ್ಟಿನ ಥರ. ಹೊರಗಡೆಯಿಂದ ನೋಡು, ಸಾಲು ಎಷ್ಟು ಚೆಂದ! ಆ ಚೆಂದ ನನ್ನ ಕೈಲಿ ಬರಲ್ಲ. ಅದು ಅಪ್ಪನ ಕೈ. ಅಪ್ಪನಿಗೂ ಗೊತ್ತು.”

“ಒಂದು ತಪ್ಪಾಗಿರಬಹುದು. ಯಾರಿಗಾಗಲ್ಲ?”

“ಮಿಷನ್ನಿನ ಕರೆಂಟು ದಿನಾ ಇಳಿಸಿಟ್ಟಿರುತ್ತೆ. ನಾನು ಏರಿಸ್ತೀನಿ, ಮತ್ತೆ ಇಳಿದಿರುತ್ತೆ. ಮುಖಕ್ಕೆ ಹಿಡಿಯೋ ಗ್ಲಾಸು ಬದಲಾಗಿದೆ, ಅಷ್ಟು ಕಪ್ಪು ಗ್ಲಾಸಲ್ಲಿ ನನಗೇ ಏನೂ ಕಾಣಲ್ಲ. ಬೆಳಕು ಚುಚ್ಚುತ್ತೆ ಅಂತ ಅಪ್ಪ ಕರೆಂಟು ಇಳಿಸ್ತಾರೆ. ಕರೆಂಟು ಇಳಿದ್ರೆ ಕಬ್ಬಿಣ ಕಾಯಲ್ಲ. ಜೋಡಣೆ ಎಲ್ಲಿದೆ ಅಂತ ಕಾಣದೆ ಹೋದ್ರೆ ರಾಡು ಒಂದೇ ಕಡೆ ಓಡುತ್ತೆ.” ಕಿಡಿ ದನಿ ತಗ್ಗಿಸಿದಳು. “ಅಪ್ಪನಿಗೆ ಕಣ್ಣು ಕಾಣಿಸ್ತಿಲ್ಲ. ಅಲ್ವಾ ಅಮ್ಮ?”

ಆಕೆ ಈರುಳ್ಳಿ ಹೆಚ್ಚತೊಡಗಿದಳು. ಬೇಕಾದದ್ದಕ್ಕಿಂತ ಹೆಚ್ಚೇ ಹೆಚ್ಚಿದಳು.

ಕಳೆದ ಚಳಿಗಾಲದಿಂದ ಆಕೆಗೆ ಇದೇ ಕೆಲಸವಾಗಿತ್ತು. ಊಟಕ್ಕೆ ಕೂತಾಗ ನೀರಿನ ಲೋಟವನ್ನು ಯಾವಾಗಲೂ ಗಂಡನ ಬಲಗೈ ತಾಗುವಲ್ಲೇ ಇಡುವುದು, ಮೀನಿನ ಮುಳ್ಳು ತೆಗೆದೇ ಬಡಿಸುವುದು, ಗೇಟು ಸದ್ದಾದರೆ ‘ಅಗೋ, ಹಾಲಿನವನು ಬಂದ’ ಎಂದು ತನ್ನಷ್ಟಕ್ಕೆ ಹೇಳಿದ ಹಾಗೆ ಗಟ್ಟಿಯಾಗಿ ಹೇಳುವುದು, ಫೋನಿಗೆ ಬಂದದ್ದನ್ನು ‘ನಿಮಗೆ ಪುರುಸೊತ್ತಿಲ್ಲ, ನಾನೇ ಓದ್ತೀನಿ ಕೊಡಿ’ ಎಂದು ಓದುವುದು. ಇದರ ಬಗ್ಗೆ ಗಂಡ ಹೆಂಡತಿ ಒಂದು ಮಾತೂ ಆಡಿರಲಿಲ್ಲ. ಆಡದೆಯೇ ಒಪ್ಪಂದವಾಗಿತ್ತು.

“ನಿಮ್ಮಜ್ಜನಿಗೂ ಹೀಗೇ ಆಗಿತ್ತು,” ಅಂದಳು ಕೊನೆಗೆ. “ಆಪರೇಷನ್ ಮಾಡಿಸೋಕೆ ಹೋದವರು ಪೂರ್ತಿ ಕುರುಡಾಗಿ ಬಂದ್ರು. ಸಾಯೋ ತನಕ ಕೈ ಹಿಡಿದು ನಡೆಸಿದ್ದು ನಿಮ್ಮಪ್ಪ. ಆಸ್ಪತ್ರೆ ಅಂದ್ರೆ ಸಾಕು, ಮೈಮೇಲೆ ಬೀಳ್ತಾರೆ.”

“ಅದಕ್ಕೆ ನನ್ನ ತಲೆಗೆ ಕಟ್ಟಿದ್ಯಾ?”

“ನಾಲ್ಕು ಜನರ ಮುಂದೆ ಏನು ಹೇಳ್ಲಿ? ಜೀವಮಾನ ತೇದು ಮಾಡಿದ ಹೆಸರು ಕಣೇ ಅವರದ್ದು. ನೀನು ಚಿಕ್ಕವಳು, ನಿನ್ನ ಹೆಸರಿಗೆ ಮಸಿ ಬಿದ್ರೆ ತೊಳೆದು ಹೋಗುತ್ತೆ.”

“ತೊಳೆಯೋರು ಯಾರು?” ಅಂದಳು ಕಿಡಿ. ಕಬ್ಬಿಣದ ಕಾಲನ್ನು ಎತ್ತಿಕೊಂಡು ಹೊರಟುಹೋದಳು. ಆ ರಾತ್ರಿಯ ಊಟಕ್ಕೆ ಬರಲಿಲ್ಲ.

ಮಗ ದೊಡ್ಡ ಆರ್ಡರು ತಂದದ್ದು ಅದೇ ತಿಂಗಳು. ಮುಂದಿನ ಬೀದಿಯ ಶಾಲೆಗೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಬೇಕಿತ್ತು. ಒಳಗಿನ ಮೆಟ್ಟಿಲು ಇಕ್ಕಟ್ಟು. ಬೆಂಕಿ ಗಿಂಕಿ ಅಂದರೆ ಮಕ್ಕಳು ಇಳಿಯಲು ಇನ್ನೊಂದು ದಾರಿ ಇರಬೇಕೆಂದು ಮೇಲಿನವರು ತಾಕೀತು ಮಾಡಿದ್ದರಂತೆ.

“ಎಷ್ಟು ಜನ ಕಣ್ಣು ಹಾಕಿದ್ರು ಗೊತ್ತಾ ಈ ಕೆಲಸದ ಮೇಲೆ?” ಮಗ ಅನ್ನ ಕಲಸುತ್ತಾ ಹೇಳಿದ. “ಹೆಡ್‌ಮಾಸ್ಟರು ಒಂದೇ ಮಾತು ಅಂದ್ರು, ನಿಮ್ಮಪ್ಪನ ಕೈ ಇದ್ರೆ ಬೇರೆ ಯಾರೂ ಬೇಡ ಅಂತ. ಇದೊಂದು ಆಗ್ಲಿ, ಆಮೇಲೆ ನಾವು ಗೇಟು ಕಿಟಕಿ ಮಾಡೋದೇ ಬೇಡ.”

“ಎಲ್ಲಾ ಬೆಸುಗೆ ನಾನೇ ಹಾಕ್ತೀನಿ,” ಅಂದ ಮೇಸ್ತ್ರಿ. ಮುಖ ಅರಳಿತ್ತು. ಲೋಟಕ್ಕೆ ಕೈ ಚಾಚಿದ, ಲೋಟ ಅಲ್ಲಿರಲಿಲ್ಲ. ಆ ದಿನ ಬಡಿಸಿದ್ದು ಕಿಡಿ. ಕೈ ಗಾಳಿಯಲ್ಲೇ ಆಚೆ ಈಚೆ ಆಡಿತು. ಹೆಂಡತಿ ಮೆಲ್ಲಗೆ ಲೋಟವನ್ನು ಸರಿಸಿದಳು.

“ಅವನ ಕೈಗೆ ನೀರು ಸಿಗಲ್ಲ, ಮೆಟ್ಟಿಲು ಕಟ್ತಾನಂತೆ,” ಅಂದಳು ಅಜ್ಜಿ, ತನ್ನ ತಟ್ಟೆಗೆ ಹೇಳಿದ ಹಾಗೆ.

“ಏನಂದೆ ಅಮ್ಮಾ?”

“ಏನಿಲ್ಲಪ್ಪ. ಉಪ್ಪು ಕಮ್ಮಿ ಅಂದೆ.”

ಉಕ್ಕಿನ ಚಾನೆಲ್ಲು, ತಗಡು ಬಂದವು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಕಿಡಿ ಕತ್ತರಿಸಿ, ಉಜ್ಜಿ ಕೊಡುತ್ತಿದ್ದಳು. ಮೇಸ್ತ್ರಿ ಬೆಸುಗೆ ಹಾಕುತ್ತಿದ್ದ. ಪ್ರತಿ ಮೆಟ್ಟಿಲಿನ ಕೆಳಗೂ ಎರಡು ಕಡೆ ಆಸರೆಯ ಪಟ್ಟಿ. ಮೆಟ್ಟಿಲ ಮೇಲೆ ಬಿದ್ದ ಭಾರವೆಲ್ಲ ಆ ಪಟ್ಟಿಗಳ ಬೆಸುಗೆಯ ಮೇಲೆ. ಕಿಡಿ ಮಿಷನ್ ಮುಟ್ಟುತ್ತಿದ್ದಾಗ ರಾಡುಗಳನ್ನು ಡಬ್ಬಿಯಲ್ಲಿ ಬೆಚ್ಚಗೆ ಇಟ್ಟು, ಆಗಾಗ ತೆಗೆದುಕೊಡುತ್ತಿದ್ದಳು. ಈಗ ಅವು ನೆಲದ ಮೇಲೆ ಹಾಗೇ ತಂಪು ಹೀರುತ್ತಾ ಬಿದ್ದಿರುತ್ತಿದ್ದವು. “ತೇವದ ರಾಡಲ್ಲಿ ಬೆಸುಗೆಯೊಳಗೆ ಗುಳ್ಳೆ ಬರುತ್ತೆ ಅಪ್ಪ,” ಅಂದರೆ, “ನನಗೆ ಪಾಠ ಹೇಳ್ತೀಯಾ? ಬಣ್ಣದ ಡಬ್ಬಿ ತೆಗಿ,” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಟೀ ಕೊಡಲು ಹೋದಾಗ ಮೇಸ್ತ್ರಿ ಸೀಮೆಸುಣ್ಣ ಹಿಡಿದು ಜೋಡಣೆಯ ಉದ್ದಕ್ಕೂ ದಪ್ಪಗೆ ಗೆರೆ ಎಳೆಯುತ್ತಿದ್ದುದನ್ನು ಹೆಂಡತಿ ಕಂಡಳು. ಕೈಬೆರಳಿಂದ ತಡವಿ ತಡವಿ ಎಳೆಯುತ್ತಿದ್ದ. ಗೆರೆ ಒಂದು ಕಡೆಗೆ ವಾಲಿತ್ತು.

“ರೀ,” ಅಂದಳು. “ಒಂದು ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರೋಣ. ಸುಮ್ನೆ ತೋರಿಸ್ಕೊಂಡು ಬರೋಣ.”

ಟೀ ಲೋಟ ಗೋಡೆಗೆ ಬಡಿಯಿತು. “ಮಗಳು ಕಿವಿ ಊದಿದ್ಲಾ? ಇನ್ನೊಂದು ಸಲ ಆ ಮಾತು ಎತ್ತಿದ್ರೆ ನಾನು ಈ ಮನೆಯಲ್ಲಿ ಇರಲ್ಲ.”

ಆಕೆ ಗಾಜಿನ ಚೂರು ಆರಿಸಿದಳು. ಎಲ್ಲಾದರೂ ಒಂದು ಚೂರು ಉಳಿದು, ಅವನು ಕಾಣದೆ ತುಳಿದಾನೆಂದು ನೆಲವನ್ನು ಮತ್ತೆ ಒರೆಸಿದಳು.

ಮೆಟ್ಟಿಲಿಗೆ ಕೊನೆಯ ಬಣ್ಣ ಬಳಿದ ಸಂಜೆ ಕಿಡಿ ಕೈ ತೊಳೆದುಕೊಂಡು ಬಂದು ಎಲ್ಲರ ಮುಂದೆ ಹೇಳಿದಳು, “ನಾಳೆಯಿಂದ ನಾನು ಬಸ್ ಬಾಡಿ ಕಟ್ಟೋ ಶೆಡ್ಡಿಗೆ ಹೋಗ್ತೀನಿ. ಮಾತಾಡಿ ಬಂದಿದೀನಿ.”

“ಹೋಗು,” ಅಂದ ಮೇಸ್ತ್ರಿ.

“ಏನೇ ಇದು, ಕೆಲಸ ಕೈಗೆ ಬಂದಿರೋ ಹೊತ್ತಲ್ಲಿ!” ಎಂದು ಅಣ್ಣ ಎಗರಾಡಿದ. “ಊರು ಏನನ್ನುತ್ತೆ?”

“ಊರು ಏನಾದ್ರೂ ಅನ್ಲಿ. ಈ ಮೆಟ್ಟಿಲಿಗೆ ಬಣ್ಣ ಹೊಡೆದಿದ್ದು ನಾನು. ಏನನ್ನ ಮುಚ್ಚಿದೀನಿ ಅಂತ ನನಗೆ ಗೊತ್ತು. ಅದನ್ನ ಎತ್ತೋ ಹೊತ್ತಲ್ಲಿ ನಾನು ಇಲ್ಲಿರಲ್ಲ.”

ಮೇಸ್ತ್ರಿ ಎದ್ದು ಒಳಗೆ ಹೋದ. ಕಿಡಿ ಅಮ್ಮನ ಹತ್ತಿರ ಬಂದಳು. ಬೈಯಲಿಲ್ಲ, ಬೇಡಲಿಲ್ಲ. “ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ, ಕೈತಪ್ಪಿನವಳು ಅಂತಾರೆ. ನಾಳೆ ತರಕಾರಿ ತರೋಕೆ ಹೋಗ್ತೀಯಲ್ಲ, ಆ ಶಾಲೆ ಮುಂದೆ ಒಂದು ಗಳಿಗೆ ನಿಂತು ನೋಡು,” ಅಂದಳು, ಅಷ್ಟೇ.

ಆಕೆ ನಿಲ್ಲಬೇಕೆಂದುಕೊಂಡು ಹೋದದ್ದಲ್ಲ. ಚೀಲದಲ್ಲಿ ಕುಂಬಳಕಾಯಿ ಭಾರವಾಗಿ, ಕೈ ಬದಲಾಯಿಸಲು ಶಾಲೆಯ ಕಾಂಪೌಂಡಿನ ಪಕ್ಕ ನಿಂತಾಗ ಬಿಡುವಿನ ಬೆಲ್ಲು ಹೊಡೆಯಿತು. ಮಕ್ಕಳು ಹಳೆಯ ಮೆಟ್ಟಿಲಿಂದ ಇಳಿದು ಬಂದರು ಅನ್ನುವಂತಿಲ್ಲ. ಚೀಲದ ಬಾಯಿ ಬಿಚ್ಚಿದಾಗ ಕಾಳು ಸುರಿಯುವ ಹಾಗೆ ಸುರಿದರು. ಎರಡೆರಡು ಮೆಟ್ಟಿಲು ಹಾರುವವರು, ಕಂಬಿಯ ಮೇಲೆ ಜಾರುವವರು, ಮುಂದಿನವಳ ಜಡೆ ಹಿಡಿದೆಳೆಯುವವರು. “ಓಡಬೇಡ್ರೋ! ಒಬ್ಬೊಬ್ಬರೇ!” ಎಂದು ಮೇಷ್ಟ್ರೊಬ್ಬರು ಕಿರುಚುತ್ತಿದ್ದರು, ಅವರ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮೇಲಂತಸ್ತಿನ ಹೊರಗೋಡೆಯಲ್ಲಿ ಹೊಸ ಬಾಗಿಲು ಕೊರೆದು ಹಲಗೆ ಅಡ್ಡ ಬಡಿದಿದ್ದರು. ಅದರಾಚೆ ಏನೂ ಇರಲಿಲ್ಲ, ಬರೀ ಗಾಳಿ. ಅಲ್ಲಿಗೇ ಮೆಟ್ಟಿಲು ಬರಬೇಕಾಗಿತ್ತು. ಒಬ್ಬಳು ಪೋರಿ ಹಲಗೆಯ ಸಂದಿಯಿಂದ ಮೂತಿ ತೂರಿಸಿ ಕೆಳಗೆ ಉಗುಳು ಬಿಟ್ಟು, ಅದು ನೆಲ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುತ್ತಿದ್ದಳು.

ಆಕೆಗೆ ಮನೆ ಮುಟ್ಟುವವರೆಗೂ ಚೀಲದ ಭಾರ ಗೊತ್ತಾಗಲಿಲ್ಲ.

ಲಾರಿ ಆಗಲೇ ಬಂದು ನಿಂತಿತ್ತು. ಹೊರೆಯಾಳುಗಳು ಮೆಟ್ಟಿಲಿನ ಮೊದಲ ತುಂಡಿಗೆ ಹಗ್ಗ ಬಿಗಿಯುತ್ತಿದ್ದರು. ಮಗ ಫೋನಿನಲ್ಲಿ ಹೆಡ್‌ಮಾಸ್ಟರಿಗೆ, “ಹೊರಟೇ ಬಿಟ್ವಿ ಸಾರ್,” ಎನ್ನುತ್ತಿದ್ದ. ಹೊಸ ಕೆಲಸಕ್ಕೆ ಹೊರಟ ಕಿಡಿ ಊಟದ ಡಬ್ಬಿ ಹಿಡಿದು ಗೇಟಿನ ಹತ್ತಿರ ಸಿಕ್ಕಿಕೊಂಡಿದ್ದಳು. ಲಾರಿ ದಾರಿ ಬಿಟ್ಟಿರಲಿಲ್ಲ.

ಆಕೆ ಚೀಲ ಕೆಳಗಿಟ್ಟು ನೇರ ಹೋಗಿ ಮೆಟ್ಟಿಲಿನ ತುಂಡಿನ ಮೇಲೆ ಕೂತಳು.

“ಏಳಮ್ಮ, ಸೀರೆಗೆ ಬಣ್ಣ ಹತ್ತುತ್ತೆ,” ಅಂದ ಮಗ.

“ಹತ್ಲಿ. ಇದು ಹೋಗೋದು ಬೇಡ.”

“ಏನು?”

“ಈ ಮೆಟ್ಟಿಲು ಶಾಲೆಗೆ ಹೋಗೋದು ಬೇಡ.”

ಹೊರೆಯಾಳುಗಳು ಹಗ್ಗ ಬಿಟ್ಟು ಬೀಡಿ ಹಚ್ಚಿದರು. ಮನೆಜಗಳ ಅಂದರೆ ಬೇಗ ಮುಗಿಯುವುದಲ್ಲ ಎಂದು ಅವರಿಗೆ ಗೊತ್ತು. ಮೇಸ್ತ್ರಿ ಶೆಡ್ಡಿನಿಂದ ಹೊರಗೆ ಬಂದ. “ಯಾರದು ಕೂತಿರೋದು? ಏಳ್ರೀ,” ಅಂದ. ಹೆಂಡತಿ ಎಂದು ಅವನಿಗೆ ಗುರುತು ಹತ್ತಿರಲಿಲ್ಲ. ಇದ್ದದ್ದು ಹತ್ತೇ ಹೆಜ್ಜೆ ದೂರ. ಮಗ ಅಪ್ಪನನ್ನೇ ನೋಡಿದ. ಮೊದಲ ಸಲ ನೋಡಿದ ಹಾಗೆ.

“ನಾನು ಕಣ್ರೀ,” ಅಂದಳು ಆಕೆ. “ನನ್ನನ್ನ ಕೊಂದರೂ ಸರಿ, ಇವತ್ತು ಹೇಳ್ತೀನಿ. ಹುಡುಗಿ ಕೈ ಸುಟ್ಟಿದ್ದು ಮುಂಚೆ. ನನಗೆ ನೆನಪಿತ್ತು. ಆ ಸ್ಟ್ಯಾಂಡು ನೀವು ಮಾಡಿದ್ದು. ನಿಮಗೆ ಕಣ್ಣು ಕಾಣಿಸ್ತಿಲ್ಲ. ಇಷ್ಟು ದಿನ ನಾನು ಲೋಟ ಸರಿಸಿ, ಮುಳ್ಳು ತೆಗೆದು ನಡೆಸ್ಕೊಂಡು ಬಂದೆ. ಮೆಟ್ಟಿಲನ್ನ ಹಾಗೆ ನಡೆಸೋಕಾಗಲ್ಲ. ಇದರ ಮೇಲೆ ಮಕ್ಕಳು ಓಡ್ತಾರೆ.”

“ಅಮ್ಮ, ಸುಮ್ನಿರು!” ಮಗ ಕೂಗಿದ. “ಲಾರಿಯವರ ಮುಂದೆ ಮನೆ ಮಾನ ತೆಗೀಬೇಡ!”

“ಮಾನ ಹೋಗೋದು ಇಲ್ಲಾದ್ರೆ ಹೋಗ್ಲಿ ಕಣೋ. ಅಲ್ಲಿ ಹೋದ್ರೆ ಪ್ರಾಣ.”

ಮೇಸ್ತ್ರಿ ಕೈ ಚಾಚಿದ. “ದೊಡ್ಡ ಸುತ್ತಿಗೆ ಕೊಡ್ರೋ. ನನ್ನ ಬೆಸುಗೆ ಹಿಡಿದಿದೆಯೋ ಇಲ್ವೋ ಇವಳಿಗೆ ತೋರಿಸ್ತೀನಿ. ಏಳೇ ಅಲ್ಲಿಂದ!”

ಕಿಡಿಯೇ ಸುತ್ತಿಗೆ ತಂದು ಕೊಟ್ಟಳು. ಮೆಟ್ಟಿಲನ್ನು ಮಗ್ಗುಲಿಗೆ ಹೊರಳಿಸಿದರು. ಮೇಸ್ತ್ರಿ ಕೆಳಗಿನ ಆಸರೆಯ ಪಟ್ಟಿಯನ್ನು ಕೈಯಿಂದ ತಡವಿ, ಗುರಿ ಹಿಡಿದು ಬೀಸಿದ. ಅಂಗಳ ಝಣಗುಟ್ಟಿತು. ಪಟ್ಟಿ ಅಲ್ಲಾಡಲಿಲ್ಲ. ಮತ್ತೊಂದು ಏಟು. ಪಟ್ಟಿ ಬಾಗಿತು, ಬೆಸುಗೆ ಬಿಡಲಿಲ್ಲ.

“ನೋಡ್ದ್ಯಾ?” ಅಂದ ಉಸಿರು ಬಿಡುತ್ತಾ. ಮುಂದಿನದಕ್ಕೆ ಹೋದ. ಅದೂ ಹಿಡಿದು ನಿಂತಿತು. ಹೊರೆಯಾಳೊಬ್ಬ ನಕ್ಕ. ಮಗ ಫೋನು ಜೇಬಿಗಿಟ್ಟು, “ಆಯ್ತಲ್ಲಮ್ಮ? ಇನ್ನಾದ್ರೂ ಒಳಗೆ ಹೋಗ್ತೀಯಾ?” ಅಂದ. ಆಕೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ಜನರ ಮುಂದೆ ಗಂಡನ ಬಟ್ಟೆ ಬಿಚ್ಚಿದ ಹಾಗಾಯಿತಲ್ಲ, ಅದೂ ಸುಳ್ಳಿಗೆ.

ಮೂರನೆಯ ಪಟ್ಟಿಗೆ ಮೇಸ್ತ್ರಿ ಅಷ್ಟು ಜೋರಾಗಿ ಹೊಡೆಯಲೂ ಇಲ್ಲ. ಝಣ್ ಅನ್ನುವ ಸದ್ದು ಬರಲಿಲ್ಲ. ಟಪ್ ಅಂತ, ಒಣ ಮರ ಮುರಿದ ಹಾಗೆ ಸದ್ದಾಗಿ ಪಟ್ಟಿ ಕಳಚಿ ಅವನ ಕಾಲ ಬುಡಕ್ಕೆ ಬಿತ್ತು.

ಮಗ ಅಪ್ಪನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ನಾಲ್ಕನೆಯದಕ್ಕೆ ಹೊಡೆದ. ಅದೂ ಕಳಚಿತು. ಇನ್ನೊಂದಕ್ಕೆ ಹೊಡೆದ. ಅದು ಹಿಡಿಯಿತು. ಅದರ ಮುಂದಿನದು ಒಂದು ತುದಿ ಬಿಟ್ಟು ಬಾಯಿ ತೆರೆಯಿತು. ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ಮಗ ಸುತ್ತಿಗೆ ಕೆಳಗಿಟ್ಟ.

“ಎಲ್ಲಾ ಕೆಟ್ಟಿಲ್ಲ,” ಅಂದಳು ಕಿಡಿ ಮೆಲ್ಲಗೆ. “ಅದೇ ಕಷ್ಟ. ಯಾವುದು ಹಿಡಿದಿದೆ, ಯಾವುದು ಹಿಡಿದಿಲ್ಲ ಅಂತ ಹೊರಗಿಂದ ಗೊತ್ತಾಗಲ್ಲ. ಎಲ್ಲಾ ಕಿತ್ತು ಮತ್ತೆ ಹಾಕಬೇಕು.”

ಮೇಸ್ತ್ರಿ ಬಗ್ಗಿ, ಕಳಚಿದ ಪಟ್ಟಿಯನ್ನು ನೆಲದಲ್ಲಿ ಹುಡುಕಿ ಎತ್ತಿಕೊಂಡ. ಕಣ್ಣಿನ ಹತ್ತಿರ ತರಲಿಲ್ಲ. ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದ. ಅಲ್ಲಿಯ ಗೆರೆಗಳು ಬೆರಳಿಗೆ ಸಿಕ್ಕವು.

“ಲಾರಿ ವಾಪಸ್ ಕಳಿಸು,” ಅಂದ ಮಗನಿಗೆ. ಆಮೇಲೆ ಜಗಲಿಯ ಅಂಚಿಗೆ ಕೂತು, ಯಾರನ್ನೂ ನೋಡದೆ, “ಕಾಣಿಸ್ತಿಲ್ಲ ಅಂತ ನನಗೂ ಗೊತ್ತಿತ್ತು. ಕಣ್ಣು ಮರೆತರೂ ಕೈ ಮರೆಯಲ್ಲ ಅಂದ್ಕೊಂಡಿದ್ದೆ,” ಅಂದ. ಪಟ್ಟಿಯನ್ನು ಪಕ್ಕಕ್ಕಿಟ್ಟು, “ಕಿಡೀ, ಲಾಂಡ್ರಿಯವನ ಹತ್ತಿರ ನಾನೇ ಹೋಗಿ ಹೇಳಿ ಬರ್ತೀನಿ,” ಅಂದ.

ಕಿಡಿ ಊಟದ ಡಬ್ಬಿಯನ್ನು ಒಳಗಿಟ್ಟು, ಗ್ರೈಂಡರ್ ಹಚ್ಚಿದಳು.

ಆಮೇಲಿನ ದಿನಗಳು ಆ ಮನೆಗೆ ಹಗುರವಾಗಿ ಬರಲಿಲ್ಲ. ಮಗ ಶಾಲೆಗೆ ಹೋಗಿ ಬೈಸಿಕೊಂಡು ಬಂದ. ಬಂದವನು ಅಮ್ಮನ ಜೊತೆ ಮಾತು ಬಿಟ್ಟ. ಕೊಟ್ಟರೆ ತಿನ್ನುತ್ತಿದ್ದ, ಕೇಳಿದರೆ ಹ್ಞೂಂ ಅನ್ನುತ್ತಿದ್ದ. ಮೇಸ್ತ್ರಿ ಆಸ್ಪತ್ರೆಗೆ ಹ್ಞೂಂ ಅಂದವನು ಹೊರಡುವ ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ. ಕೊನೆಗೆ ಅಜ್ಜಿ ಕೋಲು ಕುಟ್ಟುತ್ತಾ ಬಂದಳು.

“ಏಳೋ. ನಾನೂ ಬರ್ತೀನಿ. ನಿನಗೆ ಹೆದರಿಕೆ ಆದ್ರೆ ಮೊದಲು ನಾನು ಕೂರ್ತೀನಿ, ನನ್ನ ಕಣ್ಣು ಕೀಳ್ತಾರೋ ನೋಡು. ಹೇಗೂ ನಾನು ನೋಡಬೇಕಾದ್ದೆಲ್ಲ ನೋಡಿಯಾಗಿದೆ, ನೋಡಬಾರದ್ದೂ ನೋಡಿಯಾಗಿದೆ.”

ಹೇಳಿದಂತೆಯೇ ಮೊದಲು ಅಜ್ಜಿಯೇ ಯಂತ್ರದ ಮುಂದೆ ಗಲ್ಲ ಊರಿ ಕೂತಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಮೇಸ್ತ್ರಿಯ ಬಲಗಣ್ಣಿಗೆ ಪೊರೆ, ತೆಗೆಯಬಹುದು ಅಂದರು. ಎಡಗಣ್ಣಿನ ನರವೇ ಒಣಗಿತ್ತು, ಅದು ಬರುವುದಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಮುಚ್ಚಿಡುವವರಲ್ಲ. “ಒಂದು ವರ್ಷದ ಹಿಂದೆ ಬಂದಿದ್ರೆ ಎರಡನ್ನೂ ಉಳಿಸಬಹುದಿತ್ತು,” ಅಂದರು. “ಇನ್ನು ಆ ಬೆಳಕಿನ ಹತ್ತಿರ ಹೋಗಬೇಡಿ.”

ಒಂದು ವರ್ಷ. ಆಕೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಮಾತನ್ನೇ ಜಗಿಯುತ್ತಿದ್ದಳು. ಎಷ್ಟು ಸಲ ಲೋಟ ಸರಿಸಿದ್ದೆನೋ ಅಷ್ಟು ಸಲವೂ ಬಾಯಿ ಬಿಡಬಹುದಿತ್ತು.

ಕಿಡಿ ಮೆಟ್ಟಿಲಿನ ಒಂದೊಂದೇ ಬೆಸುಗೆ ಕಿತ್ತಳು, ಉಜ್ಜಿದಳು, ರಾಡು ಬೆಚ್ಚಗೆ ಮಾಡಿ ಮತ್ತೆ ಹಾಕಿದಳು. ಒಂದು ಸುತ್ತು ಹಾಕಿ, ಮೇಲೆ ಕಟ್ಟಿದ ಕಿಟ್ಟವನ್ನೆಲ್ಲ ಕುಟ್ಟಿ ತೆಗೆದು, ತಂತಿಬ್ರಷ್ಷಿನಿಂದ ತಿಕ್ಕಿ, ಆಮೇಲೆ ಎರಡನೆಯ ಸುತ್ತು. ಅವಸರ ಮಾಡಿದ ಅಣ್ಣನಿಗೆ, “ಈ ಕಿಟ್ಟ ಒಳಗೆ ಉಳಿದ್ರೆ ಅದೂ ಒಂದು ಬಿರುಕೇ. ನೀನು ಹೋಗಿ ಇನ್ನೊಂದು ವಾರ ಕೇಳ್ಕೊಂಡು ಬಾ,” ಅಂದಳು. ಅವನು ಗೊಣಗುತ್ತಾ ಹೋದ, ಕೇಳಿಕೊಂಡೂ ಬಂದ. ಅವಳು ಅಣ್ಣನ ಜೊತೆ ಜಗಳವಾಡುತ್ತಿದ್ದಳು, ಅಜ್ಜಿಯ ಜೊತೆ ನಗುತ್ತಿದ್ದಳು, ಆಪರೇಷನ್ ಮುಗಿಸಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತ ಅಪ್ಪನಿಗೆ ಹೊತ್ತುಹೊತ್ತಿಗೆ ಔಷಧಿ ಹನಿ ಬಿಡುತ್ತಿದ್ದಳು. ಅಮ್ಮನ ಜೊತೆ ಮಾತ್ರ ಕೆಲಸಕ್ಕೆ ಬೇಕಾದಷ್ಟೇ ಮಾತು. ಊಟದ ತಟ್ಟೆಯನ್ನು ಶೆಡ್ಡಿಗೇ ಒಯ್ದು, ಮಿಷನ್ನಿನ ಪಕ್ಕ ಒಬ್ಬಳೇ ಕೂತು ತಿಂದು, ತೊಳೆದು ತಂದಿಡುತ್ತಿದ್ದಳು.

ಒಂದು ದಿನ ಆಕೆ ತಡೆಯಲಾರದೆ ಕೇಳಿದಳು. “ನಾನು ಹೇಳಿದ್ನಲ್ಲೇ. ಎಲ್ಲರ ಮುಂದೆ ಹೇಳಿದೆ. ಇನ್ನೂ ಯಾಕೆ ಮುನಿಸು?”

“ಶಾಲೆ ಮಕ್ಕಳಿಗೋಸ್ಕರ ಹೇಳ್ದೆ,” ಅಂದಳು ಕಿಡಿ. “ನಾನೂ ನಿನ್ನ ಮಗುನೇ ಅಲ್ವಾ? ನನಗೋಸ್ಕರ ಹೇಳ್ಲಿಲ್ಲ.”

“ಹೌದು. ಹೇಳ್ಲಿಲ್ಲ,” ಅಂದಳು ಆಕೆ. “ತಪ್ಪು ಕಣೇ.” ಕಿಡಿ ತಟ್ಟೆ ಎತ್ತಿಕೊಂಡು ಶೆಡ್ಡಿಗೆ ಹೋದಳು.

ಮೆಟ್ಟಿಲು ಶಾಲೆಯ ಗೋಡೆಗೆ ಏರಿತು. ಪರೀಕ್ಷೆಗೆ ಬಂದವರು ಪ್ರತಿ ಮೆಟ್ಟಿಲ ಮೇಲೂ ಮರಳಿನ ಮೂಟೆ ಪೇರಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು, ಬೆಸುಗೆಗಳನ್ನು ದೀಪ ಹಿಡಿದು ನೋಡಿ ಒಪ್ಪಿಕೊಂಡರು. ಮಗ ಆ ಸಂಜೆ ಮನೆಗೆ ಬಂದು, “ಅಮ್ಮ, ಒಂದು ಲೋಟ ಟೀ ಮಾಡ್ತೀಯಾ?” ಅಂದ. ಅವನ ಮಟ್ಟಿಗೆ ಅದೇ ರಾಜಿ.

ಮಾರನೆಯ ದಿನ ಮಧ್ಯಾಹ್ನ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ. ಪಟ್ಟಿ ಬಿಚ್ಚಿದ್ದರು, ಕಪ್ಪು ಕನ್ನಡಕ ಹಾಕಿದ್ದ. ಆಕೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಗೇಟು ಸದ್ದಾಯಿತು. ಯಾರೆಂದು ಕೂಗಿ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ತಳ್ಳುಗಾಡಿಯ ಅಚ್ಚು ಮುರಿದ ಹಣ್ಣಿನವನೊಬ್ಬ ಗಾಡಿಯನ್ನು ಎಳೆದುಕೊಂಡು ಬರುತ್ತಿದ್ದ, ಊರಿಗೆ ಹೊಸಬ.

“ಮೇಸ್ತ್ರಿ ನೀವೇ ತಾನೇ? ಇದೊಂದು ಅರ್ಜೆಂಟು.”

ಮೇಸ್ತ್ರಿ ಅವನನ್ನು ನೋಡಿದ. ಗಾಡಿಯನ್ನು ನೋಡಿದ.

“ಮೇಸ್ತ್ರಿ ಒಳಗಿದಾಳೆ,” ಅಂದ. “ಕೂತ್ಕೊಳ್ಳಿ, ಬರ್ತಾಳೆ.”

ಒಳಗೆ ಸುತ್ತಿಗೆಯ ಸದ್ದು ನಿಂತಿತು. ಕಿಡಿ ಶೆಡ್ಡಿನ ಹಿಂಬಾಗಿಲಿನಿಂದ ಹೊರಗೆ ಬಂದು, ಅಂಗಳ ದಾಟಿ, ನಲ್ಲಿಯಲ್ಲಿ ಕೈ ತೊಳೆದು, ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳು. ಕಣ್ಣು ಕೆಂಪಾಗಿತ್ತು. ಹೊಗೆಗೂ ಆಗಿರಬಹುದು. ಆಕೆ ಎಂದಿನ ಹಾಗೆ ತಟ್ಟೆ ತುಂಬಿ ಒಯ್ಯಲೆಂದು ಚಾಚಿದಳು. ಕಿಡಿ ತಟ್ಟೆ ತೆಗೆದುಕೊಂಡಳು. ತೆಗೆದುಕೊಂಡು ಅಲ್ಲೇ, ಅಮ್ಮನ ಕಾಲ ಬಳಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಗಿರಾಕಿ ಕಾಯ್ತಿದಾರೆ ಕಣೇ,” ಅಂದಳು ಆಕೆ.

“ಕಾಯ್ಲಿ,” ಅಂದಳು ಕಿಡಿ, ಮೊದಲ ತುತ್ತು ಎತ್ತುತ್ತಾ. “ಮೇಸ್ತ್ರಿ ಊಟಕ್ಕೆ ಕೂತಿದಾಳೆ ಅನ್ನಮ್ಮ.”